ಅದ್ಭುತ ಕಾದಂಬರಿ ಸರಣಿಗಳಲ್ಲಿ ನಿರ್ವಹಣ ಸಂಧಿ

ಇಂಗ್ಲಿಷಿನಲ್ಲಿ ಫ್ಯಾಂಟಸಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಅದ್ಭುತ ಕಾದಂಬರಿಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹುಸಂಪುಟಗಳ ಸರಣಿಗಳಾಗಿ ಬೆಳೆದವು. ಒಂದೇ ಕಥೆಯನ್ನು ಹತ್ತು ಹದಿನೈದು ಸಂಪುಟಗಳಲ್ಲಿ, ಎರಡು ದಶಕಗಳಿಗೂ ಮೀರಿ ಹೇಳುತ್ತ ಹೋಗುವ ಈ ಪ್ರಕಾರದ ಮೇಲೆ ಓದುಗರಿಗಿರುವ ದೊಡ್ಡ ಆಕ್ಷೇಪವೆಂದರೆ ಅದರ ಮುಕ್ತಾಯ ತೃಪ್ತಿಕರವಲ್ಲ ಎಂಬುದು. ಈ ಅತೃಪ್ತಿಗೆ ಲೇಖಕನ ಆಲಸ್ಯವನ್ನೋ ಪ್ರಕಾಶಕನ ಲೋಭವನ್ನೋ ಕಾರಣವಾಗಿ ಹೇಳುವುದುಂಟು. ಆದರೆ ಕೊನೆಯ ಸಂಪುಟವೊಂದನ್ನೇ ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ತೀರ್ಮಾನಿಸಲಾಗದು. ನಡುವಣ ಸಂಪುಟಗಳಲ್ಲಿ ಏನೇನು ಮುಗಿಯಿತು ಎಂಬುದನ್ನು ನೋಡದೆ ಕೊನೆ ಏಕೆ ಕೈಕೊಟ್ಟಿತೆಂಬುದು ತಿಳಿಯುವುದಿಲ್ಲ.

ಈ ಪರಿಶೀಲನೆಗೆ ಬೇಕಾದ ಪರಿಭಾಷೆ ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಇದೆ. ಮುಖಾದಿ ಸಂಧಿಗಳಲ್ಲಿ ಚದುರಿರುವ, ಬೀಜದಿಂದ ಹುಟ್ಟಿದ ಅರ್ಥಗಳೆಲ್ಲ ಒಂದು ಪ್ರಯೋಜನಕ್ಕೆ ಒದಗುವ ಸ್ಥಾನವೇ ನಿರ್ವಹಣ ಸಂಧಿ. ಅಲ್ಲಿ ಅದ್ಭುತರಸ ಇರಬೇಕೆಂಬುದು ಭರತನ ವಿಧಿ. ಕಾವ್ಯದ ರಚನೆ ಗೋಪುಚ್ಛದ ತುದಿಯಂತಿರಬೇಕು ಎಂಬ ಮಾತೂ ನಾಟ್ಯಶಾಸ್ತ್ರದಲ್ಲಿದೆ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಇದಕ್ಕೆ ಎರಡು ವ್ಯಾಖ್ಯಾನಗಳನ್ನು ಉಲ್ಲೇಖಿಸುತ್ತಾನೆ. ಅಂಕಗಳು ಕ್ರಮವಾಗಿ ಚಿಕ್ಕದಾಗುತ್ತ ಹೋಗಬೇಕೆಂಬುದು ಒಂದು. ಹಸುವಿನ ಬಾಲದಲ್ಲಿ ಕೆಲವು ಕೂದಲು ಗಿಡ್ಡ, ಕೆಲವು ಉದ್ದವಾಗಿರುವಂತೆ ಕೆಲವು ಕಾರ್ಯಗಳು ಮುಖದಲ್ಲಿಯೇ, ಕೆಲವು ಪ್ರತಿಮುಖದಲ್ಲಿ, ಉಳಿದವು ಮುಂದೆ ಮುಗಿಯಬೇಕೆಂಬುದು ಇನ್ನೊಂದು. ನಾಟಕಕ್ಕೆ ಹೇಳಿದ ಈ ಎರಡನೆಯ ಮಾತು ಸರಣಿ ಕಾದಂಬರಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಬಂದರೂ ಅದು ಒಂದೇ ಕೃತಿಯಾಗಿ ಬರೆದು ಮುಗಿಸಿದ ಗ್ರಂಥ. ಅದರ ಆರನೆಯ ಭಾಗದ ಮೂರನೆಯ ಅಧ್ಯಾಯದಲ್ಲಿಯೇ ಉಂಗುರ ನಾಶವಾಗುತ್ತದೆ. ಅನಂತರ ಆರು ಅಧ್ಯಾಯಗಳಿವೆ. ರೋಹಾನಿನ ಯುದ್ಧ, ಡೆನೆಥೋರನ ಪತನ ಮೊದಲಾದವು ಅದಕ್ಕೂ ಮುಂಚೆಯೇ ಮುಗಿದಿರುತ್ತವೆ. ಕೂದಲುಗಳು ಬೇರೆ ಬೇರೆ ಉದ್ದದವು. ಇನ್ನು ಅದ್ಭುತದ ಮಾತು. ಮೊದಲ ಪುಟದಿಂದಲೇ ಮಾಯಾಮಂತ್ರಗಳಿರುವ ಕಥೆಯ ಕೊನೆಯಲ್ಲಿ ಇನ್ನೊಂದು ಮಾಯೆ ಯಾರನ್ನೂ ಬೆರಗುಗೊಳಿಸದು. ಟೋಲ್ಕಿನ್‌ನಲ್ಲಿ ನಾಯಕ ಫ್ರೋಡೊ ಕೊನೆಯ ಗಳಿಗೆಯಲ್ಲಿ ಸೋಲುತ್ತಾನೆ, ಉಂಗುರ ತನ್ನದೆನ್ನುತ್ತಾನೆ. ಹಿಂದೆ ಬಿಲ್ಬೊ ಕನಿಕರಪಟ್ಟು ಕೊಲ್ಲದೆ ಬಿಟ್ಟಿದ್ದ ಗೊಲ್ಲಮನಿಂದ ಕಾರ್ಯಸಿದ್ಧಿಯಾಗುತ್ತದೆ. ಇಲ್ಲಿಯ ಅದ್ಭುತವಿರುವುದು ಬೀಜ ಫಲಗಳ ಸಂಬಂಧದಲ್ಲಿ. ಆದರೆ 1937ರ ‘ದಿ ಹಾಬಿಟ್’ನ ಮೊದಲ ಮುದ್ರಣದಲ್ಲಿ ಈ ಬೀಜವೇ ಇರಲಿಲ್ಲ. ಅಲ್ಲಿ ಗೊಲ್ಲಮ್ ಉಂಗುರವನ್ನು ಪಂದ್ಯದ ಬಹುಮಾನವಾಗಿ ಕೊಡಲು ಒಪ್ಪಿರುತ್ತಾನೆ. ಮುಂದಿನ ಕಥೆಗೆ ಹೊಂದುವಂತೆ ಆ ಅಧ್ಯಾಯವನ್ನು 1951ರ ಮುದ್ರಣದಲ್ಲಿ ತಿದ್ದಲಾಯಿತು. ಫಲ ಬಂದ ಮೇಲೆ ಹಿಂದಿರುಗಿ ಬೀಜ ಬಿತ್ತುವ ಈ ಅನುಕೂಲ, ಸಂಪುಟಗಳನ್ನು ಒಂದೊಂದಾಗಿ ಪ್ರಕಟಿಸುತ್ತ ಹೋಗುವ ಲೇಖಕನಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ.

ರಾಬರ್ಟ್ ಜೋರ್ಡಾನ್ ಎಂಬ ಕಾವ್ಯನಾಮದ ಜೇಮ್ಸ್ ಆಲಿವರ್ ರಿಗ್ನಿಯ ‘ದಿ ವೀಲ್ ಆಫ್ ಟೈಮ್’ ಇದಕ್ಕೆ ಒಳ್ಳೆಯ ನಿದರ್ಶನ. ಮೊದಲ ಸಂಪುಟ ಬಂದದ್ದು 1990ರಲ್ಲಿ. ಅಂತಿಮ ಯುದ್ಧವೊಂದು ನಡೆಯಲಿದೆ, ರ‍್ಯಾಂಡ್ ಎಂಬ ತರುಣ ಅದರಲ್ಲಿ ಹೋರಾಡಲಿದ್ದಾನೆ ಎಂಬ ಭವಿಷ್ಯವಾಣಿ ಆರಂಭದಿಂದಲೇ ಇದೆ. ಎಂದರೆ ಫಲ ನಿಶ್ಚಿತ. ತೊಡಕು ಹುಟ್ಟುವುದು ನಡುವೆ. ಒಂಬತ್ತನೆಯ ಸಂಪುಟದ (2000) ಕೊನೆಯಲ್ಲಿ ಪುರುಷರ ಮಾಂತ್ರಿಕ ಶಕ್ತಿಗೆ ಅಂಟಿದ್ದ ಕಲ್ಮಷವನ್ನು ರ‍್ಯಾಂಡ್ ತೊಳೆಯುತ್ತಾನೆ. ಇಡೀ ಸರಣಿಯ ಒಂದು ಮುಖ್ಯ ಕಾರ್ಯ ಅಲ್ಲಿ ಭವ್ಯವಾಗಿ ಮುಗಿಯುತ್ತದೆ. ಆದರೆ 2003ರಲ್ಲಿ ಬಂದ ಹತ್ತನೆಯ ಸಂಪುಟದ ಬಹುಭಾಗ ಅದೇ ವೇಳೆಗೆ ಉಳಿದ ಪಾತ್ರಗಳು ಎಲ್ಲೆಲ್ಲಿದ್ದರು ಎಂಬುದನ್ನು ಹೇಳುವುದರಲ್ಲಿ ಕಳೆದುಹೋಗುತ್ತದೆ. ಪೆರಿನ್ನನ ಹೆಂಡತಿ ಫೇಲಿಯ ಅಪಹರಣ ನಡೆಯುವುದು 1998ರ ಎಂಟನೆಯ ಸಂಪುಟದಲ್ಲಿ, ಬಿಡುಗಡೆ 2005ರ ಹನ್ನೊಂದನೆಯದರಲ್ಲಿ. ಒಂದು ಉಪಕಥೆಗೆ ಓದುಗ ಏಳು ವರ್ಷ ಕಾಯಬೇಕಾಯಿತು! ಗಿಡ್ಡವಾಗಿರಬೇಕಾದ ಕೂದಲನ್ನು ಎಳೆದು ಉದ್ದಮಾಡಿದ ಪರಿಣಾಮವಿದು.

ಜೋರ್ಡಾನ್ 2007ರಲ್ಲಿ ತೀರಿಕೊಂಡಾಗ ಕೊನೆಯದೆಂದು ಸಾರಿದ್ದ ಹನ್ನೆರಡನೆಯ ಸಂಪುಟ ಅಪೂರ್ಣವಾಗಿತ್ತು. ಅವನ ಪತ್ನಿಯೂ ಕೃತಿಯ ಸಂಪಾದಕಿಯೂ ಆದ ಹ್ಯಾರಿಯೆಟ್ ಮೆಕ್‌ಡೂಗಲ್, ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕನಿಗೆ ಆ ಕಾರ್ಯವನ್ನು ವಹಿಸಿದರು. ಆ ಒಂದು ಸಂಪುಟ ಮೂರಾಗಿ 2009, 2010 ಮತ್ತು 2013ರಲ್ಲಿ ಬಂದು, ಒಟ್ಟು ಹದಿನಾಲ್ಕು ಸಂಪುಟಗಳಿಗೆ ಕಥೆ ಮುಗಿಯಿತು. ಕೊನೆಯ ದೃಶ್ಯವನ್ನು ಜೋರ್ಡಾನ್ ಬರೆದಿಟ್ಟಿದ್ದ, ಟಿಪ್ಪಣಿಗಳೂ ಇದ್ದವು. ಈ ಮುಕ್ತಾಯ ಒಟ್ಟಿನಲ್ಲಿ ಗೆದ್ದಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಬಾಕಿ ಉಳಿದ ಲೆಕ್ಕಗಳ ಭಾರ ಎದ್ದುಕಾಣುತ್ತದೆ. ಮೊದಲ ಸಂಪುಟದಿಂದ ನಾಯಕರ ಬೆನ್ನುಹತ್ತಿ ಬಂದ ಪೇಡನ್ ಫೇನ್ ಎಂಬ ದುಷ್ಟನ ಅಂತ್ಯ ಕೊನೆಯಲ್ಲಿ ಅತ್ಯಲ್ಪ ಜಾಗದಲ್ಲಿ ಮುಗಿದುಹೋಗುತ್ತದೆ. ಅವನ ಕಥೆಯನ್ನು ಹಿಂದೆಯೇ ಎಲ್ಲಾದರೂ ಮುಗಿಸಿದ್ದರೆ ನಷ್ಟವಿರಲಿಲ್ಲ.

ಒಬ್ಬನು ಬಿಟ್ಟ ಕೃತಿಯನ್ನು ಇನ್ನೊಬ್ಬನು ಪೂರೈಸುವುದು ನಮಗೆ ಹೊಸದಲ್ಲ. ಬಾಣನ ಕಾದಂಬರಿಯನ್ನು ಅವನ ಮಗ ಮುಗಿಸಿದ. ನಾಗವರ್ಮ ಕನ್ನಡದಲ್ಲಿ ಪೂರ್ವೋತ್ತರ ಭಾಗಗಳೆರಡನ್ನೂ ತಂದ. ಕುಮಾರವ್ಯಾಸನ ಹತ್ತು ಪರ್ವಗಳ ಮುಂದಿನದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಬರೆದ. ಕವಿತ್ವದ ತಾರತಮ್ಯ ಏನೇ ಇರಲಿ, ತಿಮ್ಮಣ್ಣನಿಗೆ ಕಥೆ ಸಿದ್ಧವಾಗಿತ್ತು. ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಉತ್ತರ ಭಾರತದ ‘ತಿಲಿಸ್ಮ್’ ಕಥೆಗಳು. ಲಖನೌದ ನವಲ್ ಕಿಶೋರ್ ಮುದ್ರಣಾಲಯ ಪ್ರಕಟಿಸಿದ ಉರ್ದು ‘ತಿಲಿಸ್ಮ್-ಎ-ಹೋಶ್‌ರುಬಾ’ದ ಮೊದಲ ನಾಲ್ಕು ಸಂಪುಟಗಳು ಮುಹಮ್ಮದ್ ಹುಸೇನ್ ಜಾಹ್‌ನವು, ಉಳಿದವು ಅಹ್ಮದ್ ಹುಸೇನ್ ಕಮರ್‌ನವು. ಮಾಯಾಲೋಕವನ್ನು ಭೇದಿಸುವವನು ಹಮ್ಜಾನ ಮೊಮ್ಮಗ ಅಸದ್ ಎಂಬುದು ಕೇಳುಗನಿಗೆ ಮೊದಲೇ ಗೊತ್ತು. ಅದನ್ನು ತಡೆದು ತಡೆದು ಹೇಳುವುದೇ ದಾಸ್ತಾನ್‌ಕಾರನ ಕೌಶಲ. ಕೊನೆ ಬಾರದಿದ್ದುದು ಅಲ್ಲಿ ದೋಷವಲ್ಲ, ರಸ. ದೇವಕೀನಂದನ ಖತ್ರಿ ಹಿಂದಿಯಲ್ಲಿ ‘ಚಂದ್ರಕಾಂತಾ ಸಂತತಿ’ಯನ್ನು ಇಪ್ಪತ್ತನಾಲ್ಕು ಭಾಗಗಳಲ್ಲಿ ಮುಗಿಸಿ, ಅದರದೇ ಪಾತ್ರವೊಂದನ್ನು ಹಿಡಿದು ‘ಭೂತನಾಥ’ವನ್ನು ಆರಂಭಿಸಿ, 1913ರಲ್ಲಿ ತೀರಿಕೊಂಡ, ಮಗ ದುರ್ಗಾಪ್ರಸಾದ ಅದನ್ನು ಪೂರ್ಣಗೊಳಿಸಿದ.

ಜಾರ್ಜ್ ಆರ್. ಆರ್. ಮಾರ್ಟಿನ್ನನ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಗೆ ಈ ಯಾವ ಆಸರೆಯೂ ಇಲ್ಲ. ಮೂರು ಸಂಪುಟಗಳೆಂದು ಯೋಜಿಸಿದ್ದು 1996ರಲ್ಲಿ ಆರಂಭವಾಗಿ 2011ರ ಹೊತ್ತಿಗೆ ಐದಾಯಿತು. ಕಥೆಯ ನಡುವೆ ಐದು ವರ್ಷಗಳನ್ನು ಹಾರಿಸಿಬಿಡುವ ಉದ್ದೇಶವನ್ನು ಲೇಖಕ ಕೈಬಿಟ್ಟ. ಮೊದಲ ಸಂಪುಟದಲ್ಲಿ, ಪ್ರಸ್ತಾವನೆಯನ್ನು ಬಿಟ್ಟರೆ, ಎಂಟು ಪಾತ್ರಗಳ ಕಣ್ಣಿನಿಂದ ಕಥೆ ಸಾಗುತ್ತದೆ. ಐದನೆಯದರಲ್ಲಿ ಆ ಸಂಖ್ಯೆ ಸುಮಾರು ಇಮ್ಮಡಿ. ಮಾರ್ಟಿನ್ ಮೊದಮೊದಲು ಗೋಪುಚ್ಛವನ್ನು ಬಲ್ಲವನಂತೆಯೇ ಬರೆದ. ನಾಯಕನೆಂದು ತೋರಿದ ನೆಡ್ ಸ್ಟಾರ್ಕ್ ಮೊದಲ ಸಂಪುಟದಲ್ಲಿಯೇ, ಅವನ ಮಗ ರಾಬ್ ಮೂರನೆಯದರಲ್ಲಿ ಸಾಯುತ್ತಾರೆ. ಆದರೆ ಒಂದು ಕೂದಲು ತುಂಡಾದಲ್ಲಿ ಎರಡು ಮೊಳೆಯತೊಡಗಿದವು. ದೂರದರ್ಶನ ಧಾರಾವಾಹಿ 2019ರಲ್ಲಿ ಮುಗಿದಾಗಲೂ ಆರನೆಯ ಸಂಪುಟ ಬಂದಿರಲಿಲ್ಲ. ಮುಕ್ತಾಯದ ಸ್ಥೂಲ ಅಂಶಗಳನ್ನು ಲೇಖಕ ನಿರ್ಮಾಪಕರಿಗೆ ತಿಳಿಸಿದ್ದ. ಹಾಗಿದ್ದೂ ಬ್ರ್ಯಾನ್ ರಾಜನಾದದ್ದು, ಡೆನೇರಿಸ್ ಊರನ್ನು ಸುಟ್ಟದ್ದು ಅನೇಕ ಪ್ರೇಕ್ಷಕರಿಗೆ ಒಪ್ಪಿಗೆಯಾಗಲಿಲ್ಲ. ಅವರ ತಕರಾರನ್ನು ಗಮನವಿಟ್ಟು ನೋಡಿದರೆ ಅದು ಬಹುಮಟ್ಟಿಗೆ ಫಲದ ಮೇಲಲ್ಲ. ಕಡೆಯ ಆರು ಕಂತುಗಳಲ್ಲಿ ವಿಮರ್ಶ ಸಂಧಿಯನ್ನು ದಾಟಿಸಿಬಿಟ್ಟ ಅವಸರದ ಮೇಲೆ.