ಭಜನೆಯ ಮನೆಯೊಳಗೆ ಚುನಾವಣೆಯ ಜಗಳ ಬೇಡ

ನಿಮ್ಮ ಊರಿನಲ್ಲಿ ಭಜನಾ ಮಂಡಳಿ ಇದೆಯಲ್ಲವೇ? ಇಲ್ಲವಾದರೆ ಗೀಗೀ ಮೇಳವೋ, ಡೊಳ್ಳಿನ ಮೇಳವೋ, ಎತ್ತು ಕಟ್ಟುವ ಹವ್ಯಾಸದವರ ಗುಂಪೋ ಇದ್ದೇ ಇರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಇಂಥದೊಂದು ಕೂಟವಿಲ್ಲದ ಊರು ಸಿಗುವುದು ಕಷ್ಟ. ಶ್ರಾವಣ ಬಂತೆಂದರೆ ಗುಡಿಯಲ್ಲಿ ತಾಳದ ಸದ್ದು. ಭಾರತ ಹುಣ್ಣಿಮೆ ಬಂತೆಂದರೆ ಯಲ್ಲಮ್ಮನ ಗುಡ್ಡಕ್ಕೆ ಗುಂಪು ಕಟ್ಟಿಕೊಂಡು ಪಯಣ.

ಈ ಕೂಟಗಳಿಗೆ ಸಂಬಳವಿಲ್ಲ, ಸರಕಾರದ ಆಜ್ಞೆಯೂ ಇಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದವರು ಪ್ರೀತಿಯಿಂದ ಬಂದು ಕೂಡುತ್ತಾರೆ. ಪ್ರೀತಿಯಿಂದ ಕೂಡಿದ್ದು ಸಿಟ್ಟಿನಿಂದ ಒಡೆಯುವುದೂ ಬೇಗ. ಹಾಗೆ ಒಡೆಯುವುದು ಹೆಚ್ಚಾಗಿ ಯಾವಾಗ? ಚುನಾವಣೆ ಹತ್ತಿರ ಬಂದಾಗ.

ಮಂಗಳಾರತಿ ಮುಗಿದು ಚಹಾ ಬರುವ ಹೊತ್ತು. ಮೊಬೈಲಿನಲ್ಲಿ ಬಂದ ಸುದ್ದಿಯೊಂದನ್ನು ಯಾರೋ ಓದುತ್ತಾರೆ. ‘ನಿಮ್ಮ ಪಕ್ಷದವ್ರು ಏನ್ ಮಾಡ್ಯಾರ್ರೀ?’ ಎಂದು ಒಬ್ಬರು ಕೇಳುತ್ತಾರೆ. ‘ನಿಮ್ಮವ್ರು ಕಡದು ಗುಡ್ಡೆ ಹಾಕ್ಯಾರಲ್ಲ!’ ಎಂದು ಇನ್ನೊಬ್ಬರ ಉತ್ತರ. ಮೂರನೆಯ ಮಾತಿಗೆ ಪಕ್ಷ ಹಿಂದೆ ಸರಿದು ಮನೆತನ ಮುಂದೆ ಬರುತ್ತದೆ. ಮುಂದಿನ ವಾರ ಇಬ್ಬರು ಬರುವುದಿಲ್ಲ. ಅದರ ಮುಂದಿನ ವಾರ ಅವರ ಅಣ್ಣ ತಮ್ಮಂದಿರು ಬರುವುದಿಲ್ಲ. ಪೆಟ್ಟಿಗೆ ಒಂದು ಓಣಿಗೆ, ತಬಲಾ ಇನ್ನೊಂದು ಓಣಿಗೆ. ಒಂದಿದ್ದ ಮಂಡಳಿ ಎರಡಾಗುತ್ತದೆ. ಎರಡರಲ್ಲಿಯೂ ದನಿ ಕೂಡಿಸಲು ಜನ ಸಾಲದು.

ಒಡೆದ ಕೂಟದ ಬೆಲೆ ಹೊಲದಲ್ಲಿ

ಭಜನೆ ನಿಂತರೆ ಹೊಲಕ್ಕೇನು ನಷ್ಟ ಎಂದು ಕೇಳಬಹುದು. ನಷ್ಟವಿದೆ. ನಮ್ಮ ಊರುಗಳಲ್ಲಿ ಹಾಡುವ ಜನರೇ ಕೂರಿಗೆ ಹಂಚಿಕೊಳ್ಳುವವರು, ಅವರೇ ಮುಯ್ಯಾಳು ಮಾಡುವವರು. ಸಂಜೆ ಒಟ್ಟಿಗೆ ಕೂತಾಗಲೇ ಯಾರ ಹೊಲದಲ್ಲಿ ಹದ ಬಂದಿದೆ, ಯಾರ ಕಡಲೆಗೆ ಕಾಯಿಕೊರಕ ಬಿದ್ದಿದೆ, ಯಾರ ಹತ್ತಿರ ಒಳ್ಳೆಯ ಬಿಳಿಜೋಳದ ಬೀಜವಿದೆ ಎಂಬುದು ತಿಳಿಯುವುದು. ಮಾತು ನಿಂತರೆ ಈ ಸುದ್ದಿಯೂ ನಿಲ್ಲುತ್ತದೆ.

ಕೆಲವು ಕೆಲಸಗಳನ್ನಂತೂ ಒಬ್ಬನೇ ಮಾಡಿ ಪ್ರಯೋಜನವಿಲ್ಲ. ಹತ್ತಿಯ ಗುಲಾಬಿ ಕಾಯಿಕೊರಕವನ್ನೇ ನೋಡಿ. ಬೆಳೆಯನ್ನು ಸಕಾಲಕ್ಕೆ ಮುಗಿಸಿ, ಗಿಡ ಕಿತ್ತು, ಉಳಿದ ಕಾಯಿಗಳನ್ನು ನಾಶಮಾಡಿದರೆ ಹುಳುವಿನ ಸಂತತಿ ಮುಂದಿನ ವರ್ಷಕ್ಕೆ ಕಡಿಮೆಯಾಗುತ್ತದೆ. ನೀವು ಕಿತ್ತು, ಬದುವಿನಾಚೆಯವರು ಏಪ್ರಿಲ್‌ವರೆಗೆ ಗಿಡ ಬಿಟ್ಟರೆ ಅಲ್ಲಿಂದ ಪತಂಗ ಹಾರಿ ಬರುತ್ತದೆ. ಇಲಿಯ ಕಾಟವೂ ಹಾಗೆಯೇ. ಸಂಜೆ ಎಲ್ಲ ಹೊಲಗಳ ಬಿಲ ಮುಚ್ಚಬೇಕು, ಮರುದಿನ ತೆರೆದು ಕಂಡ ಬಿಲಗಳಿಗೆ ಮಾತ್ರ ವಿಷ ಬೆರೆಸಿದ ಕಾಳು ಹಾಕಬೇಕು. ಇದನ್ನು ಇಡೀ ಪಟ್ಟಿಯಲ್ಲಿ ಒಂದೇ ದಿನ ಮಾಡದಿದ್ದರೆ ಇಲಿ ಪಕ್ಕದ ಹೊಲದಿಂದ ಮರಳಿ ಬರುತ್ತದೆ. 2018ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಕಾಣಿಸಿಕೊಂಡ ಗೋವಿನಜೋಳದ ಸೈನಿಕ ಹುಳು ಯಾರ ಪಕ್ಷವನ್ನೂ ಕೇಳಿ ಹೊಲಕ್ಕೆ ಇಳಿಯಲಿಲ್ಲ. ಬದುವಿನ ಎರಡು ಕಡೆಯವರು ಮಾತು ಬಿಟ್ಟಿರುವ ಊರಿನಲ್ಲಿ ಇಂಥ ಕೆಲಸಕ್ಕೆ ದಿನ ಗೊತ್ತುಮಾಡುವವರು ಯಾರು?

ಗೀಗೀ ಮೇಳ ಕಲಿಸುವ ಪಾಠ

ವಾದವೇ ಬೇಡ ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ವಾದ ನಮ್ಮ ನಾಡಿನ ಜನರ ರಕ್ತದಲ್ಲಿದೆ. ಹರದೇಶಿ-ನಾಗೇಶಿ ಮೇಳಗಳನ್ನು ನೀವು ಕೇಳಿದ್ದೀರಿ. ಒಂದು ಕಡೆಯವರು ಪುರುಷ ಹೆಚ್ಚು ಎನ್ನುತ್ತಾರೆ, ಇನ್ನೊಂದು ಕಡೆಯವರು ಶಕ್ತಿ ಹೆಚ್ಚು ಎನ್ನುತ್ತಾರೆ. ದಪ್ಪು, ತುಂತುಣಿ, ತಾಳ ಹಿಡಿದು ಇಡೀ ರಾತ್ರಿ ಸವಾಲು ಜವಾಬು ನಡೆಯುತ್ತದೆ. ಮಾತು ಚುರುಕಾಗಿಯೇ ಇರುತ್ತದೆ, ಕೇಳುವವರು ಸಿಳ್ಳೆ ಹೊಡೆಯುತ್ತಾರೆ. ಆದರೂ ಊರು ಒಡೆಯುವುದಿಲ್ಲ.

ಏಕೆ? ಆ ವಾದಕ್ಕೆ ನಾಲ್ಕು ಕಟ್ಟುಗಳಿವೆ. ಮೊದಲನೆಯದು ವಿಷಯ: ಏನನ್ನು ವಾದಿಸಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಎರಡನೆಯದು ಸರದಿ: ಒಂದು ಮೇಳ ಹಾಡುವಾಗ ಇನ್ನೊಂದು ಮೇಳ ಕೇಳುತ್ತದೆ. ಮೂರನೆಯದು ದಾರಿ: ಸವಾಲು ಪದದಲ್ಲಿ ಬಂದರೆ ಜವಾಬೂ ಪದದಲ್ಲೇ ಬರಬೇಕು. ನಾಲ್ಕನೆಯದು ಮುಕ್ತಾಯ: ಬೆಳಗಾದರೆ ಮಂಗಳ ಹಾಡಿ ಏಳಬೇಕು. ಚಹಾದ ಹೊತ್ತಿನ ಪಕ್ಷದ ಜಗಳಕ್ಕೆ ಈ ನಾಲ್ಕರಲ್ಲಿ ಒಂದೂ ಇಲ್ಲ. ಅದು ಎಲ್ಲಿಂದಲೋ ಶುರುವಾಗುತ್ತದೆ, ಎಲ್ಲರೂ ಒಮ್ಮೆಲೇ ಮಾತಾಡುತ್ತಾರೆ, ಕೊನೆಯೆಂಬುದೇ ಇರುವುದಿಲ್ಲ.

ಹಾಗೆಂದು ಮೇಳಕ್ಕೂ ರಾಜಕೀಯಕ್ಕೂ ಸಂಬಂಧವೇ ಇರಲಿಲ್ಲವೆಂದಲ್ಲ. ರಾಮದುರ್ಗ ತಾಲೂಕಿನ ಹುಲಕುಂದ ಗೀಗೀ ಪದಕ್ಕೆ ಹೆಸರಾದ ಊರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಲಕುಂದದ ಭೀಮಕವಿ ದೇಶಭಕ್ತಿಯ ಪದಗಳನ್ನು ಕಟ್ಟಿದರು. ಆದರೆ ಅಲ್ಲಿ ಹಾಡೇ ಆ ವಿಷಯದ್ದು, ಕೇಳಲು ಬಂದವರೂ ಅದಕ್ಕೇ ಬಂದವರು. ಭಜನೆಗೆಂದು ಬಂದವರ ಕಿವಿಗೆ ಪಕ್ಷದ ಮಾತು ಸುರಿಯುವುದು ಬೇರೆ.

ಬೇರೆ ಕಡೆಯವರು ಮಾಡಿದ್ದು

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 1844ರಲ್ಲಿ ನೇಕಾರರು ಮತ್ತು ಇತರ ಕಸುಬಿನವರು ಕೂಡಿ ಒಂದು ಸಹಕಾರಿ ಅಂಗಡಿ ತೆರೆದರು. ಅವರೊಳಗೆ ರಾಜಕೀಯದಲ್ಲಿಯೂ ಧರ್ಮದಲ್ಲಿಯೂ ಬೇರೆ ಬೇರೆ ಮತದವರಿದ್ದರು. ಸಂಘ ಯಾವ ಪಕ್ಷದ ಕಡೆಗೂ, ಯಾವ ಪಂಥದ ಕಡೆಗೂ ವಾಲಬಾರದೆಂಬ ನಡೆಯನ್ನು ಅವರು ಇಟ್ಟುಕೊಂಡರು. ಅಂಗಡಿ ಬಾಳಿತು, ಜಗತ್ತಿನ ಸಹಕಾರ ಚಳವಳಿಗೆ ಮಾದರಿಯಾಯಿತು. ನಮ್ಮ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಂಘವೂ ಅದೇ ಚಳವಳಿಯ ಕುಡಿ.

ಕೆನಡಾ ದೇಶದಲ್ಲಿ 1941ರಿಂದ 1965ರವರೆಗೆ ರೈತರ ರೇಡಿಯೋ ಕೂಟಗಳು ನಡೆದವು. ನೆರೆಹೊರೆಯ ರೈತರು ಒಂದು ಮನೆಯಲ್ಲಿ ಸೇರಿ ರೇಡಿಯೋ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ಚರ್ಚಿಸಿದ್ದನ್ನು ಕೈಯಲ್ಲಿ ಮಾಡುವುದು ಅಲ್ಲಿನ ಕ್ರಮ. ಅದನ್ನು ನೋಡಿ 1956ರಲ್ಲಿ ಪುಣೆ ಆಕಾಶವಾಣಿಯ ಮೂಲಕ ಯುನೆಸ್ಕೋ ನೆರವಿನಿಂದ ಸುಮಾರು 150 ಹಳ್ಳಿಗಳಲ್ಲಿ ಇಂಥ ಕೂಟಗಳನ್ನು ನಡೆಸಿ ನೋಡಿದರು. ಪ್ರತಿ ಕೂಟಕ್ಕೂ ಒಬ್ಬ ಸಂಚಾಲಕನಿದ್ದ. ಅಂದಿನ ವಿಷಯ ಅಂದಿಗೇ ಗೊತ್ತಿರುತ್ತಿತ್ತು. ವಿಷಯವೂ ಅದನ್ನು ಹಿಡಿದು ನಡೆಸುವವನೂ ಇದ್ದಾಗ ಮಾತು ದಾರಿ ತಪ್ಪುವುದು ಕಡಿಮೆ.

ನೀರಿನ ಮಾತು ರಾಜಕೀಯವೇ?

ಇಲ್ಲೊಂದು ತೊಡಕಿದೆ. ರೈತನ ಬದುಕಿನ ಮಾತೆಲ್ಲ ರಾಜಕೀಯಕ್ಕೆ ತಗುಲಿಕೊಂಡೇ ಇರುತ್ತದೆ. ನವಿಲುತೀರ್ಥದ ಜಲಾಶಯ 37.73 ಟಿಎಂಸಿ ಹಿಡಿಯಬಲ್ಲದು, ಆದರೆ ಎಲ್ಲ ವರ್ಷವೂ ತುಂಬುವುದಿಲ್ಲ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ 3.9 ಟಿಎಂಸಿ ನೀರು ತಿರುಗಿಸಲು ಅವಕಾಶ ಸಿಕ್ಕಿತು. ಸವದತ್ತಿ, ರಾಮದುರ್ಗದ ರೈತರು ಈ ವಿಷಯ ಮಾತಾಡಬಾರದೆಂದರೆ ಹೇಗೆ?

ಮಾತಾಡಬೇಕು. ಆದರೆ ನೀರಿನ ಮಾತು ಬೇರೆ, ಪಕ್ಷದ ಮಾತು ಬೇರೆ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ನರಗುಂದ, ನವಲಗುಂದ, ಸವದತ್ತಿ ಭಾಗದ ರೈತರು ಎದ್ದುನಿಂತದ್ದನ್ನು ಹಿರಿಯರು ಮರೆತಿಲ್ಲ. ಆ ವರ್ಷ ಜುಲೈ 21ರಂದು ಗೋಳಿಬಾರಿಗೆ ರೈತರು ಬಲಿಯಾದರು. ಆ ಹೋರಾಟಕ್ಕೆ ಬಲ ಬಂದದ್ದು ಊರೂರಿನ ರೈತರು ಒಂದು ಬೇಡಿಕೆಯ ಸುತ್ತ ಕೂಡಿದ್ದರಿಂದ. ‘ಕಾಲುವೆಯ ಕೊನೆಯ ಹೊಲಕ್ಕೆ ನೀರು ಏಕೆ ಬಂದಿಲ್ಲ, ಯಾರಿಗೆ ಅರ್ಜಿ ಕೊಡಬೇಕು’ ಎಂಬುದು ಕೂಡಿಸುವ ಮಾತು. ‘ಯಾರ ನಾಯಕ ದೊಡ್ಡವನು’ ಎಂಬುದು ಒಡೆಯುವ ಮಾತು. ಮಾತು ಮುಗಿದ ಮೇಲೆ ಮಾಡಲು ಒಂದು ಕೆಲಸ ಉಳಿಯುತ್ತದೆಯೇ ಎಂದು ನೋಡಿ. ಉಳಿದರೆ ಅದು ಕೂಟಕ್ಕೆ ಸಲ್ಲುವ ಮಾತು. ಅದಕ್ಕೂ ಭಜನೆಯ ಹೊತ್ತು ಬಿಟ್ಟು ಬೇರೆ ದಿನ ಗೊತ್ತುಮಾಡುವುದು ಲೇಸು.

ಗ್ರಾಮ ಪಂಚಾಯತಿ ಚುನಾವಣೆಗಳು ಪಕ್ಷದ ಚಿಹ್ನೆಯಿಲ್ಲದೆ ನಡೆಯಬೇಕೆಂದು ನಮ್ಮ ರಾಜ್ಯದ ಕಾನೂನೇ ಇದೆ. ಊರೊಳಗೆ ಪಕ್ಷದ ಬಿರುಕು ಬೀಳಬಾರದೆಂಬುದು ಅದರ ಆಶಯ. ಕಾನೂನು ಚಿಹ್ನೆಯನ್ನು ತಡೆಯಬಲ್ಲದು, ನಾಲಗೆಯನ್ನು ತಡೆಯಲಾರದು. ಅದನ್ನು ನಾವೇ ಮಾಡಬೇಕು.

ನಿಮ್ಮ ಕೂಟದಲ್ಲಿ ಹೀಗೆ ಮಾಡಿ

1. ನಿಯಮವನ್ನು ಜಗಳದ ನಂತರ ಮಾಡಬೇಡಿ. ಆಗ ಮಾಡಿದರೆ ಒಂದು ಕಡೆಯವರಿಗೆ ಅದು ತಮ್ಮ ಮೇಲಿನ ಶಿಕ್ಷೆಯಂತೆ ಕಾಣುತ್ತದೆ. ಚುನಾವಣೆಯ ಸುದ್ದಿಯಿಲ್ಲದ ದಿನ, ಯುಗಾದಿಯಲ್ಲೋ ಶ್ರಾವಣದ ಮೊದಲ ಸೋಮವಾರವೋ, ಎಲ್ಲರೂ ಒಪ್ಪಿ ಮಾಡಿ. ‘ಇಲ್ಲಿ ಪಕ್ಷದ ಮಾತಿಲ್ಲ, ಹುರಿಯಾಳಿನ ಮಾತಿಲ್ಲ’ ಎಂಬಷ್ಟು ಸಾಕು. ಯಾವ ಪಕ್ಷದ ಹೆಸರನ್ನೂ ಹಾಕಬೇಡಿ.

2. ತಡೆಯಲು ಇಬ್ಬರು ಹಿರಿಯರಿರಲಿ. ಇಬ್ಬರೂ ಬೇರೆ ಬೇರೆ ಒಲವಿನವರಾಗಿರಲಿ. ಪ್ರತಿಯೊಬ್ಬರೂ ತಮ್ಮ ಕಡೆಯವರನ್ನೇ ತಡೆಯಲಿ. ಎದುರು ಪಕ್ಷದವನು ‘ಸುಮ್ಮನಿರು’ ಎಂದರೆ ಕಿಡಿ ಹಾರುತ್ತದೆ. ತನ್ನ ಪಕ್ಷದವನೇ ಅಂದರೆ ಮಾತು ತಣ್ಣಗಾಗುತ್ತದೆ.

3. ತಡೆಯುವ ಮಾತು ಮೆತ್ತಗಿರಲಿ, ಗಿಡ್ಡಗಿರಲಿ. ‘ಕಾಕಾ, ಆ ಮಾತು ನಾಳೆ ಕಟ್ಟಿ ಮ್ಯಾಲ ಆಡೋಣ್ರಿ, ಈಗ ಪದಾ ಹಿಡೀರಿ’ ಎಂದರೆ ಯಾರಿಗೂ ಅವಮಾನವಾಗುವುದಿಲ್ಲ. ಯಾರ ಮಾತು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡಲು ಹೋಗಬೇಡಿ. ತೀರ್ಪು ಕೊಟ್ಟವನೂ ಜಗಳದೊಳಗೆ ಸೇರಿಹೋಗುತ್ತಾನೆ.

4. ಬರಿದಾದ ಹೊತ್ತು ಬಿಡಬೇಡಿ. ಹಾಡು ನಡೆದಾಗ ಜಗಳ ಹುಟ್ಟುವುದಿಲ್ಲ. ಅದು ಹುಟ್ಟುವುದು ಹಾಡು ಮುಗಿದು ಏಳುವುದರೊಳಗೆ. ಚಹಾವನ್ನು ನಡುವೆ ಕೊಡಿ, ಮಂಗಳಾರತಿಯನ್ನು ಕೊನೆಗಿಡಿ, ಆರತಿಯಾದೊಡನೆ ಏಳಿ.

5. ವಾದಿಸುವ ಆಸೆಯಿದ್ದವರಿಗೆ ಬೇರೆ ಜಾಗವಿರಲಿ. ಅಗಸಿಯ ಕಟ್ಟೆ ಇದೆ, ಚಹಾದ ಅಂಗಡಿ ಇದೆ. ಮಾತೇ ಬೇಡವೆಂದರೆ ಒಳಗೊಳಗೇ ಕುದಿಯುತ್ತದೆ. ‘ಇಲ್ಲಿ ಬೇಡ, ಅಲ್ಲಿ ಆಗಲಿ’ ಎಂದರೆ ಹಬೆ ಹೊರಗೆ ಹೋಗುತ್ತದೆ.

6. ಚುನಾವಣೆಯ ಹೊತ್ತಿನ ದೇಣಿಗೆ ಮುಟ್ಟಬೇಡಿ. ಹುರಿಯಾಳುಗಳ ಕಡೆಯವರು ಪೆಟ್ಟಿಗೆ, ತಬಲಾ, ಮೈಕು ಕೊಡಿಸುತ್ತೇವೆಂದು ಬರುತ್ತಾರೆ. ಮತಕ್ಕಾಗಿ ಕಾಣಿಕೆ ಕೊಡುವುದೂ ಕೊಳ್ಳುವುದೂ ಅಪರಾಧ. ಅಪರಾಧದ ಮಾತು ಹಾಗಿರಲಿ, ಒಬ್ಬರ ಪೆಟ್ಟಿಗೆ ಬಂದ ದಿನವೇ ಇನ್ನೊಬ್ಬರ ಕಡೆಯವರಿಗೆ ಆ ಮನೆ ಪರರ ಮನೆಯಾಗುತ್ತದೆ. ವಂತಿಗೆ ಕೂಡಿಸಿ ನಿಧಾನವಾಗಿ ಕೊಂಡುಕೊಳ್ಳಿ.

7. ಗೆದ್ದವರ ಸತ್ಕಾರ ಮಂಡಳಿಯ ಹೆಸರಿನಲ್ಲಿ ಬೇಡ. ಮಾಲೆ ಹಾಕುವ ಆಸೆಯಿದ್ದವರು ತಮ್ಮ ಹೆಸರಿನಲ್ಲಿ ಹಾಕಲಿ. ಸೋತವರ ಮನೆಯವರೂ ನಿಮ್ಮೊಡನೆ ತಾಳ ಹಿಡಿಯುವವರೇ ಎಂಬುದು ನೆನಪಿರಲಿ.

ಅಕ್ಕ ತಂಗಿಯರ ಸ್ವಸಹಾಯ ಸಂಘಗಳಿಗೂ ಇವೇ ಮಾತು ಅನ್ವಯಿಸುತ್ತವೆ. ಅಲ್ಲಿ ಉಳಿತಾಯ, ಸಾಲದ ಲೆಕ್ಕವೂ ಸೇರಿರುವುದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು. ಸಂಘ ಒಡೆದರೆ ಹಾಡಿನೊಡನೆ ಹಣವೂ ಸಿಕ್ಕಿಬೀಳುತ್ತದೆ.

ಈಗಾಗಲೇ ಒಡೆದಿದ್ದರೆ

ನಿಮ್ಮ ಊರಿನ ಕೂಟ ಈಗಾಗಲೇ ಎರಡಾಗಿದ್ದರೆ ನಿರಾಶೆ ಬೇಡ. ಸಂಧಾನದ ಸಭೆ ಕರೆಯುವ ಅವಸರವನ್ನೂ ಮಾಡಬೇಡಿ. ಸಭೆ ಕರೆದರೆ ಅಂದು ಯಾರು ಏನೆಂದರು ಎಂಬ ಲೆಕ್ಕ ಮತ್ತೆ ತೆರೆಯುತ್ತದೆ. ಬದಲಿಗೆ ಕೆಲಸದಿಂದ ಶುರುಮಾಡಿ. ಅವರ ಕೂರಿಗೆ ಕೇಳಿ, ಇಲ್ಲವೆ ನಿಮ್ಮದನ್ನು ಕೊಡಿ. ಅವರ ಎತ್ತಿನ ಕಾಲು ಕುಂಟುತ್ತಿದ್ದರೆ ವಿಚಾರಿಸಿ. ಸೀಗಿ ಹುಣ್ಣಿಮೆಯ ದಿನ, ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಿ ಹೊಲದಲ್ಲಿ ಊಟಕ್ಕೆ ಕೂಡುವಾಗ ಬದುವಿನಾಚೆಯವರನ್ನು ಕರೆಯಿರಿ. ಕಡುಬು, ಎಣ್ಣೆಗಾಯಿ ಬದನೆ, ಸಜ್ಜಿಯ ರೊಟ್ಟಿ ಮುಂದಿರುವಾಗ ಹಳೆಯ ಜಗಳ ಎತ್ತುವವರು ಕಡಿಮೆ.

ಎರಡೂ ಕಡೆಯವರು ಕೂಡಿ ಹೋಗಬಹುದಾದ ಇನ್ನೊಂದು ಜಾಗವಿದೆ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೋ ಒಂದೇ ಗಾಡಿ ಮಾಡಿಕೊಂಡು ಹೊರಡಿ. ಹೋಗುವ ದಾರಿಯಲ್ಲಿ ಮಾತಿಲ್ಲದಿದ್ದರೂ ಬರುವ ದಾರಿಯಲ್ಲಿ ಬೀಜದ ಮಾತು, ಯಂತ್ರದ ಮಾತು ಬಂದೇ ಬರುತ್ತದೆ. ಮಾತು ಬಂದರೆ ಮುಂದಿನ ಶ್ರಾವಣಕ್ಕೆ ಪೆಟ್ಟಿಗೆ, ತಬಲಾ ಒಂದೇ ಗುಡಿಗೆ ಬಂದಾವು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಮಾತು ಬಲ್ಲವನೆಂದರೆ ಚೆನ್ನಾಗಿ ಮಾತಾಡುವವನಷ್ಟೇ ಅಲ್ಲ, ಎಲ್ಲಿ ಯಾವ ಮಾತು ಬೇಡ ಎಂಬುದನ್ನು ಅರಿತವನು. ಮತ ನಿಮ್ಮದು, ಅದನ್ನು ಯಾರಿಗೆ ಬೇಕಾದರೂ ಹಾಕಿ. ಮತಪೆಟ್ಟಿಗೆಯ ಮುಂದೆ ಗುಟ್ಟಾಗಿ ಮಾಡುವ ಕೆಲಸವನ್ನು ಗುಡಿಯ ಮುಂದೆ ಗದ್ದಲವಾಗಿ ಮಾಡುವುದು ಬೇಡ. ಈ ವಾರ ನಿಮ್ಮ ಕೂಟ ಸೇರಿದಾಗ ಮೊದಲ ನಿಯಮವನ್ನು ಎಲ್ಲರೆದುರು ಓದಿ ಹೇಳಿ, ಒಪ್ಪಿಗೆ ಪಡೆದು, ಆ ಮೇಲೆ ತಾಳ ಹಿಡಿಯಿರಿ.