ಮಳೆಗುಂಡಿಯ ಕಿರುಬಾಯಿ ಕಪ್ಪೆ

ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರುಗಳ ಸೀಮೆಯು ಕೊಡಗಿನ ಮಲೆನಾಡಿಗೂ ಮೈಸೂರಿನ ಬಯಲಿಗೂ ನಡುವಣದು. ಮುಂಗಾರಿನ ಜೋರುಮಳೆ ಬಿದ್ದ ಇರುಳು ಇಂತಹ ಸೀಮೆಯ ಹೊಲದ ಅಂಚುಗಳಲ್ಲಿ ಹಲವು ಬಗೆಯ ಕಪ್ಪೆಗಳು ಕೂಗುವುವು. ಅವುಗಳಲ್ಲಿ ದೇಹದಿಂದ ಅತಿ ಸಣ್ಣದಾಗಿದ್ದರೂ ದನಿಯಿಂದ ಹಿರಿದಾದುದು ಕಿರುಬಾಯಿ ಕಪ್ಪೆ. ವಿಜ್ಞಾನಿಗಳು ಇದನ್ನು ಮೈಕ್ರೊಹೈಲ ಆರ್ನೇಟ ಎಂದು ಕರೆಯುವರು. ದ್ಯುಮೇರಿಲ್ ಮತ್ತು ಬಿಬ್ರೋನ್ ಎಂಬ ಫ್ರೆಂಚ್ ವಿದ್ವಾಂಸರು ಮಲಬಾರ್ ತೀರದಿಂದ ದೊರೆತ ಮಾದರಿಯಿಂದ 1841ರಲ್ಲಿ ಇದನ್ನು ವರ್ಣಿಸಿದರು.

ಈ ಕಪ್ಪೆಯ ಉದ್ದ ಸುಮಾರು 2ರಿಂದ 2.5 ಸೆಂಟಿಮೀಟರು. ಮೂತಿ ಚೂಪು, ಬಾಯಿ ಕಿರಿದು. ಕಣ್ಣುಗಳ ನಡುವೆ ಮೊದಲಾಗಿ ಹಿಂದಕ್ಕೆ ಅಗಲವಾಗುತ್ತ ಹೋಗುವ ಕಂದುಬಣ್ಣದ ಗುರುತು ಬೆನ್ನಮೇಲಿರುವುದು. ಬೆರಳ ತುದಿಗಳಲ್ಲಿ ಮರಗಪ್ಪೆಗಳಿಗಿರುವಂಥ ಬಿಲ್ಲೆಗಳಿಲ್ಲ. ಆದುದರಿಂದ ಇದು ಗಿಡಮರಗಳನ್ನೇರದೆ ನೆಲದಲ್ಲಿಯೇ ಬಾಳುವುದು. ಹಗಲು ತರಗೆಲೆ, ಕಲ್ಲು, ಮಣ್ಣಿನ ಬಿರುಕುಗಳಲ್ಲಿ ಅಡಗಿದ್ದು, ಇರುಳು ಹೊರಬಂದು ಇರುವೆ, ಗೆದ್ದಲುಗಳನ್ನು ಹಿಡಿದು ತಿನ್ನುವುದು.

ಇಷ್ಟು ಸಣ್ಣ ಜೀವಿ ತುಂಬಿದ ಕೆರೆಯನ್ನು ಬಿಟ್ಟು ನಾಲ್ಕು ವಾರ ನೀರು ನಿಂತರೆ ಹೆಚ್ಚೆನ್ನಿಸುವ ಗುಂಡಿಯಲ್ಲಿ ಮೊಟ್ಟೆಯಿಡುವುದೇಕೆ? ಕೆರೆಯಲ್ಲಿ ಮೀನುಂಟು, ಹೊಸದಾಗಿ ನಿಂತ ಮಳೆನೀರಿನಲ್ಲಿ ಮೀನಿಲ್ಲ. ಗುಂಡಿಯು ಬೇಗ ಬತ್ತುವುದೆಂಬುದೇ ಅಲ್ಲಿ ಶತ್ರುಗಳು ನೆಲೆಯೂರದಿರಲು ಕಾರಣ. ಮೊಟ್ಟೆಗಳು ತೆಳ್ಳನೆಯ ಒಂದೇ ಪದರವಾಗಿ ನೀರಿನ ಮೇಲೆ ತೇಲುವುವು. ಗಾಳಿಯ ಸಂಪರ್ಕವಿರುವುದರಿಂದ ಬೇಗನೆ ಒಡೆದು ಗೊದಮೊಟ್ಟೆಗಳು ಹೊರಬರುವುವು.

ಈ ಗೊದಮೊಟ್ಟೆಯ ರಚನೆ ವಿಶೇಷವಾದುದು. ಅದರ ಮೈ ಪಾರದರ್ಶಕ. ಅನೇಕ ಕಪ್ಪೆಗಳ ಗೊದಮೊಟ್ಟೆಗಳಿಗೆ ಕಲ್ಲಿನ ಪಾಚಿಯನ್ನು ಕೆರೆದು ತಿನ್ನಲು ಗಡುಸಾದ ಕೊಕ್ಕೂ ಸಣ್ಣ ಹಲ್ಲುಗಳೂ ಇರುವುವು. ಇದಕ್ಕೆ ಅವಾವುವೂ ಇಲ್ಲ. ಇದು ನೀರಿನ ನಡುಭಾಗದಲ್ಲಿ ತೇಲುತ್ತ, ನೀರನ್ನು ಒಳಕ್ಕೆಳೆದುಕೊಂಡು, ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವುದು. ತಳವನ್ನು ಕೆರೆದು ತಿನ್ನುವ ಬೇರೆ ಗೊದಮೊಟ್ಟೆಗಳೊಡನೆ ಹೀಗೆ ಸ್ಪರ್ಧೆ ತಪ್ಪಿ, ಒಂದೇ ಗುಂಡಿಯಲ್ಲಿ ಹಲವು ಜಾತಿಗಳು ಬೆಳೆಯುವುದು ಸಾಧ್ಯವಾಗಿದೆ. ನೀರು ಆರುವುದಕ್ಕೆ ಮುಂಚೆ ಕಾಲುಗಳು ಮೂಡಿದರೆ ಬಾಳು. ನಡುವೆ ಮಳೆ ಕೈಕೊಟ್ಟರೆ ಆ ಗುಂಡಿಯ ಸಂತಾನವೆಲ್ಲ ನಾಶ.

ನೋಟಕ್ಕೆ ಒಂದೇ ಬಗೆಯೆನ್ನಿಸುವ ಇಂತಹ ಕಪ್ಪೆಗಳಲ್ಲಿ ಅನೇಕ ಜಾತಿಗಳಿರುವುದು ಈಚೆಗೆ ತಿಳಿದುಬಂದಿದೆ. ಪೂರ್ವ ಏಷ್ಯದಲ್ಲಿ ಇದೇ ಹೆಸರಿನಿಂದ ಕರೆಯುತ್ತಿದ್ದ ಕಪ್ಪೆಯು ಬೇರೆಯದೆಂದು 2005ರಲ್ಲಿ ನಿರ್ಣಯವಾಯಿತು. ನಮ್ಮ ಬಿಳಿಗಿರಿರಂಗನ ಬೆಟ್ಟದಿಂದ 2000ದಲ್ಲಿ ವರ್ಣಿತವಾದ ಜಾತಿಗೆ ಅಲ್ಲಿಯ ಸೋಲಿಗರ ಹೆಸರನ್ನಿಟ್ಟರು. ಮಣಿಪಾಲದ ಮುರಕಲ್ಲಿನ ನೆಲದಿಂದ ಮತ್ತೊಂದು ಜಾತಿ 2016ರಲ್ಲಿ ವರ್ಣಿತವಾಯಿತು.

ಕೆರೆಗೆ ಏರಿಯುಂಟು, ಹೆಸರುಂಟು, ಕಾಯುವವರುಂಟು. ಹೊಲದಂಚಿನ ಗುಂಡಿಗೆ ಇವೊಂದೂ ಇಲ್ಲ. ಅದನ್ನು ಸೊಳ್ಳೆಯ ಮನೆಯೆಂದು ಮುಚ್ಚುವುದು, ಮಟ್ಟಮಾಡುವುದು, ಕೀಟನಾಶಕದ ನೀರು ಅಲ್ಲಿಗೆ ಹರಿಯಲು ಬಿಡುವುದು ಸುಲಭ. ಆದರೆ ಕೆರೆಯೊಂದನ್ನು ಕಾದಮಾತ್ರದಿಂದ ಈ ಕಪ್ಪೆ ಉಳಿಯಲಾರದು. ವರ್ಷದಲ್ಲಿ ಕೆಲವೇ ವಾರ ನಿಲ್ಲುವ ನೀರೂ ಒಂದು ಜಲಾಶಯವೆಂದೆಣಿಸಿ, ಅದನ್ನು ಅದರ ಪಾಡಿಗೆ ಬಿಡುವುದೇ ಇದಕ್ಕೆ ಸಲ್ಲಬೇಕಾದ ರಕ್ಷಣೆ.