ಕಾಫಿ ತೋಟದ ಏಣಿ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೂಲಕ ಕಳಸದತ್ತ ಪ್ರಯಾಣ ಮಾಡುವವರು, ದಾರಿಯ ಎರಡೂ ಬದಿಗೆ ನೆಟ್ಟಗೆ ಬೆಳೆದ ಸಿಲ್ವರ್ ಓಕ್ ಮರಗಳನ್ನೂ ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿಗಳನ್ನೂ ನೋಡಿ ಸಂತೋಷಪಡುವುದುಂಟು. ಆ ಚೆಲುವಿನ ಹಿಂದೆ ಒಂದು ಲೆಕ್ಕಾಚಾರವಿದೆ. ಆ ಮರವೂ ಆ ಬಳ್ಳಿಯೂ ಬೆಳೆಗಾರನು ತನ್ನ ನಷ್ಟಭಯಕ್ಕೆ ಕಟ್ಟಿಕೊಂಡ ರಕ್ಷೆಗಳು. ಈ ರಕ್ಷೆಯ ಬೆಲೆಯನ್ನು ತೆರುವವರು ಯಾರು ಎಂಬುದೇ ನಾನು ಇಲ್ಲಿ ವಿಚಾರಿಸಬೇಕೆಂದಿರುವ ಸಂಗತಿ.

ಕಾಫಿ ಬಹಳ ನಾಜೂಕಿನ ಬೆಳೆ. ಮಾರ್ಚ್-ಏಪ್ರಿಲ್ ತಿಂಗಳ ಹೂಮಳೆ ಕೈಕೊಟ್ಟರೆ ಮೊಗ್ಗು ಕರಟುತ್ತದೆ. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದರೆ ಕಣದಲ್ಲಿ ಹರಡಿದ ಹಣ್ಣು ಬೂಷ್ಟು ಹಿಡಿಯುತ್ತದೆ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕದ ಕಾಟ ಬೇರೆ. ಈ ದುಂಬಿಗೆ ಬಿಸಿಲು ಬೀಳುವ ಕಾಂಡವೇ ಇಷ್ಟ. ತೊಗಟೆಯ ಬಿರುಕಿನಲ್ಲಿ ಅದು ಮೊಟ್ಟೆಯಿಡುತ್ತದೆ, ಮರಿಹುಳು ಒಳಗನ್ನು ಕೊರೆಯುತ್ತ ಸಾಗುತ್ತದೆ. ಅದಕ್ಕಾಗಿ ನೆರಳು ಬೇಕು. ನೆರಳು ಅತಿಯಾದರೆ ಮಳೆಗಾಲದಲ್ಲಿ ಕೊಳೆರೋಗ. ಹೀಗಾಗಿ ಮರಗಸಿ ತಪ್ಪದು. ಎಂದರೆ, ಕತ್ತಿ ಹಿಡಿದ ಒಬ್ಬ ಮನುಷ್ಯ ಮರವೇರುವುದು ತಪ್ಪದು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆ ಆರಂಭವಾದಂದಿನಿಂದ ಗಿಡದ ಆರೋಗ್ಯವನ್ನು ಕುರಿತು ಒಂದು ಶತಮಾನದ ಶಾಸ್ತ್ರವೇ ಬೆಳೆದಿದೆ. ಮರವೇರುವವನಿಗೆ ಇರುವ ಶಾಸ್ತ್ರ ಅವನ ಕೈಕಾಲುಗಳ ಅಭ್ಯಾಸವಷ್ಟೆ.

ಇನ್ನು ಬೆಲೆಯ ಭಯ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾಗಳು ಇಲ್ಲವಾದವು. ದಶಕಗಳ ಕಾಲ ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯೂ 1996ರ ಹೊತ್ತಿಗೆ ಮುಗಿಯಿತು. ಲೋಕದ ಪೇಟೆಯ ಏರಿಳಿತ ನೇರವಾಗಿ ತೋಟದ ಅಂಗಳಕ್ಕೆ ಬಂದಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಕಾಫಿಯ ಬೆಲೆ ಕುಸಿದಾಗ ಅನೇಕರ ಕೈಹಿಡಿದದ್ದು ಮೆಣಸು. ನೆರಳಿಗಾಗಿ ನಿಂತ ಮರವೇ ಬಳ್ಳಿಗೆ ಆಸರೆ. ಒಂದೇ ನೆಲದಲ್ಲಿ ಎರಡು ಬೆಳೆ. ಬೆಳೆಗಾರನ ಈ ಜಾಣತನವನ್ನು ಯಾರೂ ಹಳಿಯಲಾರರು. ಆದರೆ ಬಳ್ಳಿ ಮರದೊಡನೆ ಮೇಲೇರುತ್ತದೆ, ಬಳ್ಳಿಯೊಡನೆ ಏಣಿಯೂ ಉದ್ದವಾಗುತ್ತದೆ.

ಮೊದಲು ಬಿದಿರಿನ ಏಣಿಯಿತ್ತು. ಅದು ಭಾರ, ಹುಳು ತಿಂದ ಮೆಟ್ಟಿಲು ಮುರಿದು ಸೊಂಟ ಕಳೆದುಕೊಂಡವರುಂಟು. ಹಗುರವೂ ಗಟ್ಟಿಯೂ ಆದ ಅಲ್ಯೂಮಿನಿಯಂ ಏಣಿ ಬಂದಾಗ ಎಲ್ಲರಿಗೂ ಹಿತವೆನಿಸಿದ್ದು ಸಹಜವೇ. ಒಂದು ಅಪಾಯ ಹೋಯಿತು. ಇನ್ನೊಂದು ಸದ್ದಿಲ್ಲದೆ ಒಳಬಂದಿತು. ತೋಟಗಳ ಮೇಲೆ 11,000 ವೋಲ್ಟಿನ ತಂತಿಗಳು ಹಾದುಹೋಗುತ್ತವೆ. ಎಲೆಗಳ ಮರೆಯಲ್ಲಿ, ಬೆಳಗಿನ ಮಂಜಿನಲ್ಲಿ ಅವು ಕಾಣಿಸವು. ಅನೇಕ ವೇಳೆ ಅನಾಹುತವಾಗುವುದು ಏಣಿಯನ್ನು ಏರುವಾಗಲ್ಲ, ಒಂದು ಮರದಿಂದ ಇನ್ನೊಂದಕ್ಕೆ ಸಾಗಿಸುವಾಗ. ಮಲಗಿಸಿ ಒಯ್ದರೆ ಕಾಫಿಯ ಕೊಂಬೆ ಮುರಿದೀತೆಂದು ನಿಲ್ಲಿಸಿಕೊಂಡೇ ನಡೆಯುತ್ತಾರೆ. ತುದಿ ವಾಲುತ್ತದೆ, ತಂತಿಗೆ ತಗಲುತ್ತದೆ. ಹಿಡಿದವರು ಎಷ್ಟು ಮಂದಿಯೋ ಅಷ್ಟೂ ಮಂದಿಗೆ ಒಂದೇ ಗಳಿಗೆಯಲ್ಲಿ ಆಘಾತ. ಮೂಡಿಗೆರೆಯ ಕಡೆ ಆನೆ ತುಳಿದರೆ ನಾಡಿಗೆಲ್ಲ ಸುದ್ದಿ, ರಸ್ತೆ ತಡೆ, ಮಂತ್ರಿಗಳ ಭೇಟಿ. ಏಣಿಯ ಸಾವಿಗೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು.

1951ರ ತೋಟ ಕಾರ್ಮಿಕರ ಕಾಯಿದೆ ವಸತಿ, ಆಸ್ಪತ್ರೆ, ಶಿಶುವಿಹಾರಗಳ ಮಾತನ್ನಾಡಿತು. ಸುರಕ್ಷತೆಗೆಂದೇ ಒಂದು ಅಧ್ಯಾಯ ಅದಕ್ಕೆ ಸೇರಿದ್ದು 2010ರಲ್ಲಿ; ಅದರ ಗಮನವೂ ಮುಖ್ಯವಾಗಿ ಕೀಟನಾಶಕ, ರಾಸಾಯನಿಕಗಳ ಮೇಲೆ. ಏಣಿ ಯಾರ ಕಣ್ಣಿಗೂ ಯಂತ್ರವಾಗಿ ಕಾಣಲಿಲ್ಲವೇನೋ! ಇತ್ತ ಮೆಣಸಿನ ಕೊಯ್ಲನ್ನು ಕಿಲೋ ಲೆಕ್ಕದಲ್ಲಿ ಗುತ್ತಿಗೆ ಕೊಡುವ ರೂಢಿಯೂ ಇದೆ. ಕೆಲಸ ನಿಧಾನವಾದರೆ ಆಗುವ ನಷ್ಟ ಆಗ ಧಣಿಯ ತಲೆಯಿಂದ ಆಳಿನ ತಲೆಗೆ ವರ್ಗವಾಗುತ್ತದೆ, ಆಳು ಅವಸರಪಡುತ್ತಾನೆ. ಅಸ್ಸಾಮಿನಿಂದ ಬಂದು ಲೈನ್ ಮನೆಯಲ್ಲಿ ಇಳಿದುಕೊಂಡ ಹುಡುಗನಿಗೆ ಯಾವ ಸಾಲಿನ ಮೇಲೆ ತಂತಿ ಹಾಯುತ್ತದೆಂಬುದು ತಿಳಿಯದು. ಮೇಸ್ತ್ರಿ ಕೂಗಿ ಹೇಳುವ ಕನ್ನಡವೂ ತಿಳಿಯದು.

ಮಾಡಬೇಕಾದ್ದು ದೊಡ್ಡದೇನಲ್ಲ. ಕೊಯ್ಲಿಗೆ ಮೊದಲು ಒಂದು ದಿನ ರೈಟರೂ ಮೇಸ್ತ್ರಿಯೂ ತಂತಿಯ ಕೆಳಗೆ ನಡೆದು, ಹತ್ತಿರದ ಮರಗಳಿಗೆಲ್ಲ ಕೆಂಪು ಬಣ್ಣ ಬಳಿಯಬಹುದು. ಅದನ್ನು ಓದಲು ಯಾವ ಭಾಷೆಯೂ ಬೇಡ. ಆ ಸಾಲುಗಳಲ್ಲಿ ಲೋಹದ ಏಣಿ ಕೂಡದು. ಹಸಿ ಬಿದಿರನ್ನೂ ನಂಬುವಂತಿಲ್ಲ. ವಿದ್ಯುತ್ ಹರಿಯದ ಫೈಬರ್ ಏಣಿ ದುಬಾರಿಯಾದರೂ ಸಿಗುತ್ತದೆ. ಅಲ್ಲಿ ಮರಗಸಿ ಮಾಡಿಸುವಾಗ ಮೆಸ್ಕಾಂನವರಿಂದ ಲೈನ್ ಕ್ಲಿಯರ್ ಪಡೆದು, ವಿದ್ಯುತ್ ನಿಂತ ಮೇಲೆಯೇ ಆಳನ್ನು ಮರ ಹತ್ತಿಸಬೇಕು. ಎಲ್ಲ ಸಾಲುಗಳಲ್ಲಿಯೂ ಏಣಿಯನ್ನು ಮಲಗಿಸಿಯೇ ಸಾಗಿಸಬೇಕು.

ಕೆಂಪು ಬಣ್ಣದ ಮರಗಳಿಗೆ ಬಳ್ಳಿಯನ್ನೇ ಹಬ್ಬಿಸದಿರುವುದು ಇವೆಲ್ಲಕ್ಕಿಂತ ಮೇಲು. ಹಾಗೆ ಮಾಡಿದರೆ ಆ ಸಾಲಿನ ಮೆಣಸು ಹೋಗುತ್ತದೆ. ಏಣಿ ಮಲಗಿಸಿದಾಗ ಮುರಿದ ಕೊಂಬೆಗಳ ಕಾಫಿಯೂ ಹೋಗುತ್ತದೆ. ಅದನ್ನು ತೋಟದ ಖರ್ಚಿನ ಪುಸ್ತಕದಲ್ಲಿ ಗೊಬ್ಬರ, ಸುಣ್ಣ, ಮೈಲುತುತ್ತಗಳ ಕೆಳಗೆ ಬರೆದುಕೊಳ್ಳಬಹುದು.